ಒಂದೇ ಗುಂಡಿಗೆ ಎರಡು ಕಡ್ಡಿ

ಕುತೂಹಲ ಅನ್ನುವುದು ಜಯಂತಿಯ ಹುಟ್ಟುಗುಣ. ಮೋಯಾರ್ ಕಡೆಯ ಕಾಡಂಚಿನಲ್ಲಿ ಬೆಳೆದ ಹುಡುಗಿ, ದೇವಾಲ ಅನ್ನುವ ಊರಿನ ಹೊಳೆಗೆ ಕೆಲಸಕ್ಕೆ ಬಂದ ಮೊದಲ ದಿನವೇ, ನೀರಲ್ಲಿ ನಿಂತು ಚಿನ್ನದ ಮರಳು ಜಾಲಿಸುತ್ತಿದ್ದ ಒಬ್ಬನ ಭುಜದ ಮೇಲಿಂದ ಇಣುಕಿದಳು.

"ಚಿನ್ನ ಎಲ್ಲಿ?"

ಅವನು ಬೆಚ್ಚಿದ. ಕೈಯಲ್ಲಿದ್ದ ಮರದ ಮರಿಗೆ ವಾಲಿತು. ಬೆಳಗಿನಿಂದ ಜಾಲಿಸಿ ಉಳಿಸಿದ್ದ, ಚಿನ್ನದ ಕಣ ಬೆರೆತ ಕರಿಮರಳೆಲ್ಲ ಹೊಳೆಯ ಪಾಲಾಯಿತು.

"ಈಗ ತಾನೇ ಹೋಯ್ತಲ್ಲ ಮೇಡಂ," ಅಂದ. "ಇನ್ನು ಮೀನುಗಳು ಮೂಗುತಿ ಮಾಡಿಸ್ಕೊಳ್ತವೆ."

ಕ್ಷಮೆ ಕೇಳಬೇಕಾದವಳು ನಕ್ಕುಬಿಟ್ಟಳು. ಅವನು ಸಿಟ್ಟಿನಿಂದಲೇ ತಲೆಯೆತ್ತಿದ್ದ. ಆ ನಗು ನೋಡಿದ ಮೇಲೆ ಸಿಟ್ಟನ್ನು ಏನು ಮಾಡಬೇಕೋ ಅವನಿಗೇ ತಿಳಿಯಲಿಲ್ಲ. ಹೆಸರು ಸುಂದರ್ ಅಂತ ಅವಳು ಕೇಳುವ ಮೊದಲೇ ಹೇಳಿದ.

ಜಯಂತಿ ಬಂದದ್ದು ಒಂದು ನರ್ಸರಿಯ ಕಡೆಯಿಂದ, ಚಿನ್ನಕ್ಕೆಂದು ತೋಡಿಬಿಟ್ಟ ಗುಂಡಿಗಳನ್ನು ಮುಚ್ಚಿ ದಂಡೆಗೆ ಹಸಿರು ಹಿಡಿಸಲು. ಹೊಳೆಯುದ್ದಕ್ಕೂ ಬೇರು ಬಯಲಾದ ಮರಗಳು, ಕೆಂಪು ಟೀಯಂತೆ ಕದಡಿದ ನೀರು. ಎಲ್ಲಕ್ಕಿಂತ ದೊಡ್ಡ ಗುಂಡಿ ತಿರುವಿನಲ್ಲಿತ್ತು. ಅದರ ಮೇಲಿನ ದಂಡೆಯಲ್ಲೇ ರಂಗಿ ಅನ್ನುವ ಅಜ್ಜಿಯ ಮನೆ, ಹಿಂದೆ ಇಡೀ ಪಾಡಿಯ ಸಾಲುಮನೆಗಳು. ಒಂದು ಜೋರು ಮಳೆಗಾಲ ಬಂದರೆ ದಂಡೆ ಕುಸಿದು ಹೊಳೆ ನೇರ ಮನೆಗಳಿಗೇ ನುಗ್ಗುವಂತಿತ್ತು. ಆ ಗುಂಡಿ ಸುಂದರನದು.

"ಇದನ್ನ ಮುಚ್ಚಲೇಬೇಕು."

"ಬೇರೆ ಯಾವುದಾದ್ರೂ ಮುಚ್ಚಿ ಮೇಡಂ. ನನ್ನ ಒಲೆ ಉರಿಯೋದೇ ಇದ್ರಿಂದ."

ಅವಳು ಬೇರೆಯವನ್ನೇ ಮುಚ್ಚತೊಡಗಿದಳು. ಅವನು ಮೊದಲು ದೂರದಿಂದ ನೋಡಿದ, ಆಮೇಲೆ ಹತ್ತಿರ ಬಂದು ತಮಾಷೆ ಮಾಡಿದ, ಕೊನೆಗೆ ತಾನೇ ಕಲ್ಲು ಹೊತ್ತ. ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಕಪ್ಪು ಮಣ್ಣು.

"ಮಣ್ಣಿಗೂ ಮೇಲು ಕೆಳಗು ಇದ್ಯಾ?"

"ಇದೆ. ನೀವು ಅದನ್ನ ತಲೆಕೆಳಗು ಮಾಡಿ ಹೋಗ್ತೀರಿ. ಅದಕ್ಕೇ ಏನೂ ಚಿಗುರಲ್ಲ."

"ನಮ್ಮನ್ನೂ ತಲೆಕೆಳಗು ಮಾಡೋರು ಇದ್ದಾರೆ," ಅಂತ ಅವನು ಕಲ್ಲಿಗೆ ಹೇಳಿದ. ಜಯಂತಿಗೆ ಕೇಳಿಸಿತು. ಕೇಳಿಸದವಳ ಹಾಗೆ ಮುಖ ತಿರುಗಿಸಿಕೊಂಡಳು, ಆದರೆ ಅವತ್ತೆಲ್ಲ ಅವಳಿಗೆ ಆ ಮಾತಿನದೇ ಗುಂಗು.

ಸುಂದರ್ ಗೂಡಲೂರು ಸಂತೆಗೆ ಹೋದ ದಿನ ಜಯಂತಿ ದಂಡೆಯ ಮಣ್ಣಾದರೂ ನಿಲ್ಲಲಿ ಅಂತ ತಿರುವಿನ ಗುಂಡಿಯ ಬಾಯಂಚಿಗೆ ಪೊದೆಗಿಡದ ಹಸಿ ಕಡ್ಡಿ ನೆಟ್ಟಳು. ಒಂದು ಒಣಗಿದರೂ ಇನ್ನೊಂದು ಉಳಿಯಲಿ ಅಂತ ಪಕ್ಕಪಕ್ಕದಲ್ಲೇ ಎರಡು.

ಮರುದಿನ ಬಂದ ಸುಂದರ್ ಕಡ್ಡಿಗಳನ್ನು ನೋಡಿ ನಿಂತುಬಿಟ್ಟ. ಅವನ ಕಿವಿ ಕೆಂಪಗಾಯಿತು. ಮರಿಗೆಯನ್ನು ಬಂಡೆಯ ಮೇಲೆ ಬೋರಲು ಹಾಕಿ, ಗುಂಡಿಗೆ ತಾನೇ ಕಲ್ಲು ಉರುಳಿಸತೊಡಗಿದ. ತನ್ನ ಪಾಠ ಗೆದ್ದಿತು ಅಂತ ಜಯಂತಿ ಹಿಗ್ಗಿದಳು.

ಆದರೆ ಆಮೇಲೆ ಎಲ್ಲವೂ ವಿಚಿತ್ರ. ಹೆಂಗಸರು ಅವಳನ್ನು ಕಂಡರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ದಿನವೂ ಟೀ ತಂದುಕೊಡುವ ಸುಂದರ್ ಲೋಟವನ್ನು ನೋಡುತ್ತಿದ್ದನೇ ಹೊರತು ಅವಳನ್ನಲ್ಲ. ತಡೆಯಲಾರದೆ ರಂಗಿ ಅಜ್ಜಿಯ ಜಗಲಿ ಹತ್ತಿದಳು.

"ಅಜ್ಜೀ, ಯಾಕೆ ಎಲ್ಲರೂ ನಗ್ತೀರಿ?"

"ಚುಮ್ಮಾ ಸುಮ್ನೆ ನಗ್ತೀವಾ? ನೆಟ್ಟೋಳು ನೀನೇ ಅಲ್ವಾ ಮಗಾ?" ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು. "ತೆರೆದ ಗುಂಡಿಗೆ ಒಂದು ಹಸಿ ಕಡ್ಡಿ ನೆಟ್ರೆ ಅದು ನೆಟ್ಟೋರ ಗುಂಡಿ. ಎರಡು ನೆಟ್ರೆ ಗಂಡ ಹೆಂಡ್ತೀದು. ಅವನ ಗುಂಡೀಲಿ ನೀನು ಎರಡು ನೆಟ್ಟಿದೀಯ. ಇನ್ನು ನೀನು ಹೂಂ ಅನ್ನದೆ ಅವನು ಗುದ್ದಲಿ ಹಾಕೋ ಹಂಗಿಲ್ಲ. ನಿಮ್ಮ ಕಡೆ ಇದಿಲ್ವಾ?"

ಮೋಯಾರ್ ಕಡೆ ಯಾರೂ ಚಿನ್ನ ಜಾಲಿಸುವುದಿಲ್ಲ. ಜಯಂತಿಗೆ ಎಲ್ಲಿಯಾದರೂ ಅಡಗಿಕೊಂಡರೆ ಸಾಕು ಅನ್ನಿಸಿತು. ಇಡೀ ಪಾಡಿಯ ಎದುರು ತಾನೇ ಅವನನ್ನು ಮದುವೆಗೆ ಕೇಳಿದ ಹಾಗಾಯಿತಲ್ಲ! ನಾಚಿಕೆಗಿಂತ ದೊಡ್ಡದು ಇನ್ನೊಂದಿತ್ತು. ಅವನು ಗುಂಡಿ ಬಿಟ್ಟದ್ದು ಈ ರೂಢಿಗೆ ಕಟ್ಟುಬಿದ್ದು. ಸುಮ್ಮನಿದ್ದರೆ ದಂಡೆ ಉಳಿಯುತ್ತದೆ, ಆದರೆ ಅವನಿಗೆ ಮೋಸ. ನಿಜ ಹೇಳಿದರೆ ಅವನು ಮತ್ತೆ ಅಗೆದಾನು, ಅಜ್ಜಿಯ ಮನೆಯೇ ಹೋದೀತು. ಹೇಳದೆ ಇರಲು ಅವಳಿಂದಾಗಲಿಲ್ಲ.

ಸುಂದರ್ ತಿರುವಿನಲ್ಲಿ ಕಪ್ಪು ಮಣ್ಣು ಹರಡುತ್ತಿದ್ದ. ಎರಡೂ ಕಡ್ಡಿಗಳಲ್ಲಿ ಚಿಗುರು ಇಣುಕಿತ್ತು.

"ನಂಗೆ ಗೊತ್ತಿರ್ಲಿಲ್ಲ," ಅಂದಳು. "ಎರಡು ಕಡ್ಡಿ ಅಂದ್ರೆ ಏನು ಅಂತ. ಒಂದು ಒಣಗಿದ್ರೆ ಇನ್ನೊಂದಿರ್ಲಿ ಅಂತ ನೆಟ್ಟೆ. ನೀನು ಅದಕ್ಕೆ ಕಟ್ಟುಬೀಳೋದು ಬೇಡ."

ಮೊದಲ ಸಲ ಅವಳು ಅವನನ್ನು 'ನೀನು' ಅಂದಿದ್ದಳು.

"ನಿಂಗೆ ಗೊತ್ತಿಲ್ಲ ಅಂತ ಅವತ್ತೇ ಗೊತ್ತಿತ್ತು."

"ಮತ್ತೆ ಗುಂಡಿ ಯಾಕೆ ಮುಚ್ಚಿದೆ?"

"ಅಜ್ಜಿ ಮನೆ ಗೋಡೆ ಬಿರುಕು ಬಿಟ್ಟಿದ್ದು ನಂಗೂ ಕಾಣ್ತಿತ್ತು. ಬಿಡೋಕೆ ಮನಸ್ಸು ಬರ್ತಿರ್ಲಿಲ್ಲ, ಒಂದು ನೆಪ ಬೇಕಿತ್ತು. ನಿಮ್ಮ ನರ್ಸರೀಲಿ ಕೆಲಸಕ್ಕೂ ಕೇಳಿದೀನಿ."

"ಕಡ್ಡಿ ವಿಷಯ ನಂಗ್ಯಾಕೆ ಹೇಳ್ಲಿಲ್ಲ?"

ಅವನು ಕೈಯ ಮಣ್ಣನ್ನು ನಿಧಾನವಾಗಿ ಉದುರಿಸಿಕೊಂಡ. "ಹೇಳಿದ್ರೆ ನೀನು ಒಂದನ್ನ ಕಿತ್ತುಬಿಡ್ತಿದ್ದೆ, ಜಯಂತಿ."

ಅಷ್ಟು ದಿನ ಮೇಡಂ ಆಗಿದ್ದವಳಿಗೆ ತನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ ಆಗಲೇ ತಿಳಿದದ್ದು.

ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯ ಬುಡಕ್ಕೆ ಕೈ ಹಾಕಿದಳು. ಸುಂದರ್ ಹೊಳೆಯ ಕಡೆ ಮುಖ ತಿರುಗಿಸಿದ. ಎಷ್ಟು ಹೊತ್ತಾದರೂ ಕಿತ್ತ ಸದ್ದು ಬರದಿದ್ದಾಗ ಮೆಲ್ಲಗೆ ತಿರುಗಿ ನೋಡಿದ.

ಜಯಂತಿ ಎರಡೂ ಕಡ್ಡಿಗಳ ಬುಡಕ್ಕೆ ಮಣ್ಣು ಏರಿಸಿ ಅಂಗೈಯಿಂದ ಗಟ್ಟಿಯಾಗಿ ಒತ್ತುತ್ತಿದ್ದಳು.

"ಅವತ್ತು ಗೊತ್ತಿರ್ಲಿಲ್ಲ," ಅಂದಳು ತಲೆಯೆತ್ತದೆ. "ಇವತ್ತು ಗೊತ್ತು."