ಕರಿ ಪಟ್ಟಿ ಇಲ್ಲದ ಫೋನು

ಹನ್ನೊಂದು ಸಂಜೆ ಶಿವಯೋಗೀಶ ವಿಡಿಯೋ ಕಾಲ್ ಮಾಡಿದ. ಹನ್ನೊಂದು ಸಂಜೆಯೂ ಅವನಿಗೆ ಹೆಚ್ಚಾಗಿ ಕಂಡದ್ದು ಗೋಪನಕೊಪ್ಪದ ಮನೆಯೊಂದರ ಸೀಲಿಂಗ್ ಫ್ಯಾನು.

"ನನ್ನ ಲಗ್ನ ನಿಮ್ಮ ಕೂಡನೋ, ನಿಮ್ಮ ಫ್ಯಾನಿನ ಕೂಡನೋ?" ಎಂದು ಮೊದಮೊದಲು ಕೇಳಿದ.

ಫೋನನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಉಮಾಶ್ರೀ ದುಪಟ್ಟಾ ಬಾಯಿಗೊತ್ತಿ ನಕ್ಕಳು. ಅವನಿಗದು ಕಾಣಲಿಲ್ಲ, ಕೇಳಲೂ ಇಲ್ಲ.

ನಿಶ್ಚಯದ ದಿನ ಗಂಡಿನ ಕಡೆಯವರು ಸೀರೆ, ಉಂಗುರದ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟ ಫೋನು ಅದು. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಈಗ ಎಲ್ಲರೂ ಹಾಗೇ ಕೊಡುತ್ತಾರೆ. ದುಬಾರಿಯದು. ಅದರ ಪರದೆಯನ್ನು ಎರಡು ನಿಮಿಷ ನೋಡಿದರೆ ಸಾಕು, ಉಮಾಶ್ರೀಗೆ ಹುಬ್ಬಿನ ಹಿಂದೆ ಸೂಜಿ ಆಡಿದ ಹಾಗಾಗುತ್ತಿತ್ತು. ಕಿಟಕಿ ಬೆಳಕಿನಲ್ಲಿ ದಿನಕ್ಕೆ ಆರು ಸೀರೆಗೆ ಫಾಲ್ ಹೊಲಿದರೂ ದಣಿಯದ ಕಣ್ಣು ಅವು. ಅಪ್ಪನ ಹಳೆಯ ಫೋನು ನೋಡಿದರೂ ಏನೂ ಆಗುತ್ತಿರಲಿಲ್ಲ.

"ತಲಿನೋವು ಅಂತ ಬಾಯಿ ಬಿಟ್ಟಿ ನೋಡು," ಎಂದಿದ್ದಳು ಅವ್ವ ರತ್ನವ್ವ. "ಹುಡುಗಿಗೆ ಬ್ಯಾನಿ ಐತಿ ಅಂತ ಬೀಗರ ಗಬ್ಬೂರ ತನಕ ಡಂಗುರ ಆಗ್ತೇತಿ. ಲಗ್ನ ಆಗಲಿ, ಆಮ್ಯಾಲೆ ಹೇಳಿಕೋ."

ಹನ್ನೆರಡನೆಯ ದಿನ, ಶನಿವಾರ, ಕಾಲ್ ಬರಲಿಲ್ಲ. ಮೆಸೇಜು ಬಂತು: 'ಸೋಮವಾರ ಲಗ್ನಪತ್ರಿಕಿ ಅಚ್ಚಿಗಿ ಹೋಗ್ತಾವ. ನಿಮಗ ಮನಸ್ಸಿಲ್ಲಂದ್ರ ಈಗ ಹೇಳಿಬಿಡ್ರಿ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.'

ಮೂರು ಸಲ ಓದಿದಳು. ಮೂರು ಸಲವೂ ತಲೆ ಸಿಡಿಯಿತು. ಆಮೇಲೆ ಬರೆದಳು: 'ಈ ಫೋನ್ ಬದಲಿ ಮಾಡಬೇಕ್ರಿ. ನಾಳೆ ನಮ್ಮ ಓಣಿ ನವಾಜಣ್ಣನ ಮೊಬೈಲ್ ಅಂಗಡಿಗೆ ಬರ್ತೀರೇನು?'

ಅವನು ಬಂದ, ಮುಖ ಬಿಗಿದುಕೊಂಡು. ಅವಳಿಗೆ ಇನ್ನೂ ದೊಡ್ಡದು ಬೇಕಾಗಿದೆ ಎಂದುಕೊಂಡಿದ್ದ. ಆದರೆ ನವಾಜ ಹರವಿದ ದೊಡ್ಡ ಫೋನುಗಳನ್ನೆಲ್ಲ ಉಮಾಶ್ರೀ ಪಕ್ಕಕ್ಕೆ ಸರಿಸಿದಳು. ಅಪ್ಪನ ಫೋನಿನ ಕ್ಯಾಮೆರಾ ತೆರೆದು ಒಂದೊಂದೇ ಪರದೆಗೆ ಹಿಡಿಯತೊಡಗಿದಳು.

"ಏನವಾ ತಂಗಿ, ಫೋನಿನ ಫೋಟೋ ತಗೀತಿ? ಅದಕ್ಕೂ ವರಾ ಹುಡಕಾಕತ್ತೀಯೇನು?" ಎಂದ ನವಾಜ.

ಅವಳು ನಿಶ್ಚಯದ ಫೋನನ್ನು ಮುಂದಿಟ್ಟು ಶಿವಯೋಗೀಶನಿಗೆ ತೋರಿಸಿದಳು. ಕ್ಯಾಮೆರಾದಲ್ಲಿ ಅದರ ಮೇಲೆ ಕರಿ ಪಟ್ಟಿಗಳು ಹರಿಯುತ್ತಿದ್ದವು. ಬರಿಗಣ್ಣಿಗೆ ಪರದೆ ತಿಳಿಯಾಗಿಯೇ ಇತ್ತು.

"ಇದು ಒಂದ ಸವನ ಹತ್ತಿ ಆರಾಕತ್ತೇತ್ರಿ. ಮೊನ್ನೆ ಅಪ್ಪನ ಫೋನಿನ್ಯಾಗ ಇದರ ಫೋಟೋ ತಗಿಯಾಕ ಹೋದಾಗ ಗೊತ್ತಾತು. ಮಂದಿಗೆ ಕಾಣಂಗಿಲ್ಲ. ನನಗೂ ಕಾಣಂಗಿಲ್ಲ, ತಲಿ ಒಡೀತೇತಿ ಅಷ್ಟ. ಸಾಲ್ಯಾಗ ಟ್ಯೂಬ್‌ಲೈಟಿಗೂ ಹಿಂಗ ಆಗ್ತಿತ್ತು. ಅದಕ್ಕ ಒಂಬತ್ತನೇತ್ತಕ್ಕ ಸಾಲಿ ಬಿಟ್ಟೆ. ನಾಟಕ ಮಾಡ್ತಾಳ ಅಂದ್ರು ಎಲ್ಲಾರೂ."

ಒಂದೇ ಉಸಿರಿಗೆ ಇಷ್ಟು ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ. ಇನ್ನು ಪತ್ರಿಕೆ ಅಚ್ಚಾಗುವುದಿಲ್ಲ ಎಂದುಕೊಂಡು ಅವನ ಅಂಗಿಯ ಗುಂಡಿ ನೋಡುತ್ತ ನಿಂತಳು. ಎರಡನೆಯ ಗುಂಡಿಯ ದಾರ ಬೇರೆ ಬಣ್ಣದ್ದು. ತಾನೇ ಹೊಲಿದುಕೊಂಡಿರಬೇಕು, ಗಂಟು ಮೇಲೇ ಬಿದ್ದಿತ್ತು.

ಶಿವಯೋಗೀಶನದು ಬೈಪಾಸ್ ಬಳಿ ಲೇಥ್ ಮಷಿನ್ನಿನ ವರ್ಕ್‌ಶಾಪ್. ಅವಳ ಕೈಯಿಂದ ಅಪ್ಪನ ಫೋನು ತೆಗೆದುಕೊಂಡು ಪಟ್ಟಿಗಳನ್ನು ನೋಡಿದ.

"ನಾ ಲೇಥಿನ ಮ್ಯಾಲೆ ಟ್ಯೂಬ್‌ಲೈಟ್ ಹಾಕಂಗಿಲ್ರಿ," ಎಂದ ನಿಧಾನಕ್ಕೆ. "ಹತ್ತಿ ಆರೋ ಆ ಬೆಳಕಿನ್ಯಾಗ ಗರಗರ ತಿರಗೋ ಕಬ್ಬಿಣ ನಿಂತಂಗ ಕಾಣ್ತೇತಿ. ನನಗ ಕೆಲಸ ಕಲಿಸಿದ ಶಿದ್ದಪ್ಪ ಕಾಕಾ ನಿಂತೇತಿ ಅಂತ ತಿಳಿದು ಕೈ ಹಾಕಿದ್ರು. ಎರಡು ಬೆರಳು ಹ್ವಾದ್ವು. ಕುಡದಿದ್ದ ಅಂದ್ರು ಮಂದಿ." ಫೋನು ಕೆಳಗಿಟ್ಟ. "ನೀವು ಹೇಳೂದು ಖರೇ ಐತಿ."

ಈ ವಿಷಯಕ್ಕೆ ಖರೇ ಎಂದು ಅವಳಿಗೆ ಈವರೆಗೆ ಯಾರೂ ಅಂದಿರಲಿಲ್ಲ.

ಇಬ್ಬರೂ ಸೇರಿ ಹುಡುಕಿದರು. ಪಟ್ಟಿ ಎದ್ದು ಕಾಣಲೆಂದು ಅವನು ಪರದೆಯ ಬೆಳಕು ಇಳಿಸುವನು, ಅವಳು ಕ್ಯಾಮೆರಾ ಹಿಡಿಯುವಳು. ಬೆರಳು ತಾಗಿದರೆ ಇಬ್ಬರೂ ಪರದೆಯನ್ನೇ ಹೆಚ್ಚು ಗಮನವಿಟ್ಟು ನೋಡುವರು. ಏಳನೆಯದರಲ್ಲಿ, ಮೂಲೆಯ ಡಬ್ಬಿಯಿಂದ ತೆಗೆದ ಅಗ್ಗದ ಫೋನಿನಲ್ಲಿ, ಒಂದೂ ಪಟ್ಟಿ ಬರಲಿಲ್ಲ. ಉಮಾಶ್ರೀ ಅದನ್ನು ಐದು ನಿಮಿಷ ದಿಟ್ಟಿಸಿದಳು. ತಲೆ ಸುಮ್ಮನಿತ್ತು.

"ಇದು ಹಳೇ ನಮೂನಿ ಎಲ್‌ಸಿಡಿ," ನವಾಜ ಮುಖ ಹುಳ್ಳಗೆ ಮಾಡಿದ. "ಬೀಗರ ಮುಂದ ಹಿಡಿಯಾಕ ಛಲೋ ಕಾಣಂಗಿಲ್ಲ ತಂಗಿ."

"ಬೀಗರ ಮಗಾ ಇಲ್ಲೇ ನಿಂತೇನಿ. ನನಗ ಛಲೋ ಕಾಣಾಕತ್ತೇತಿ," ಎಂದ ಶಿವಯೋಗೀಶ.

ನವಾಜ ಬಿಲ್ ಪುಸ್ತಕ ತರಲು ಒಳಗೆ ಹೋದ. ಶಿವಯೋಗೀಶ ದನಿ ತಗ್ಗಿಸಿದ.

"ಫೋನಿಂದು ತಿಳೀತು. ನಂದು ಹೇಳ್ರಿ. ಮನಸ್ಸೈತೇನು?"

ಉಮಾಶ್ರೀ ಗುಂಡಿಯಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಮೀಸೆಯಂಚಿನಲ್ಲಿ ಒಂದು ಸಣ್ಣ ಮಚ್ಚೆ ಇತ್ತು.

"ಮನಸ್ಸಿಲ್ಲದಾಕಿ, ತಲಿ ಒಡೀತೇತಿ ಅಂತ ಗೊತ್ತಿದ್ದೂ ದಿನಾ ಕಾಲ್ ಎತ್ತತಾಳೇನ್ರಿ?"

ಅವನ ಕಿವಿ ಕೆಂಪಾದವು.

"ಬಿಲ್ ಯಾರ ಹೆಸರಿಗೆ ಬರೀಲಿ?" ಒಳಗಿನಿಂದ ನವಾಜ ಕೇಳಿದ.

ಅವರ ಓಣಿಯಲ್ಲಿ ಹೆಂಗಸರು ಗಂಡನ ಹೆಸರು ಹೇಳಬೇಕಾದರೆ ಹತ್ತು ಸಲ ಕಾಡಿಸಿಕೊಂಡು, ಒಗಟಿನೊಳಗೆ ಸೇರಿಸಿ, ನೆಲ ನೋಡುತ್ತ ಹೇಳುತ್ತಾರೆ. ಉಮಾಶ್ರೀ ಯಾರಿಂದಲೂ ಕಾಡಿಸಿಕೊಳ್ಳಲಿಲ್ಲ.

"ಉಮಾಶ್ರೀ ಶಿವಯೋಗೀಶ ಅಂತ ಬರೀರಿ ಅಣ್ಣಾ," ಎಂದಳು.