ಉಪವಾಸದ ಬಾಕಿ

"ಬಿಡೇ ಸೌಟು! ನಿನ್ನ ಕೈಯಿಂದ ಇವತ್ತು ನನ್ನ ಮಗನ ಎಲೆಗೆ ಒಂದಗುಳೂ ಬೀಳಬಾರ್ದು!"

ಮರುದೇವಮ್ಮ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡ ರಭಸಕ್ಕೆ ಬಿಸಿ ಸಾರು ಅನಂತಮತಿಯ ಮುಂಗೈ ಮೇಲೆ ಚೆಲ್ಲಿತು. ಹುಡುಗಿ ತುಟಿ ಕಚ್ಚಿ ನಿಂತಳು. ಎಲೆಯ ಮುಂದೆ ಕೂತಿದ್ದ ಜಯಕುಮಾರ ತಲೆ ಎತ್ತಲಿಲ್ಲ. ಹೊರಗೆ ಹೊತ್ತು ಇಳಿಯುತ್ತಿತ್ತು. ಜೈನರ ಮನೆ, ಕತ್ತಲಾಗುವ ಮೊದಲೇ ಊಟ ಮುಗಿಯಬೇಕು. ಆದರೆ ಆ ಸಂಜೆ ಚನ್ನರಾಯಪಟ್ಟಣದ ಆ ಮನೆಯಲ್ಲಿ ಯಾರ ಗಂಟಲಿನಲ್ಲೂ ಅನ್ನ ಇಳಿಯುವಂತಿರಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿ ಇಂಟರ್‌ಮೀಡಿಯೆಟ್ ಪಾಸಾದವರ ನಂಬರುಗಳಿದ್ದವು. ಜಯಕುಮಾರನ ನಂಬರು ಇರಲಿಲ್ಲ. ಇದು ಮೂರನೆಯ ಸಲ!

"ಮದ್ವೆಗೆ ಮುಂಚೆ ಕ್ಲಾಸಿಗೇ ಮೊದಲು ಬರ್ತಿದ್ದೋನು ಇವ್ನು! ಈ ಮಾರಾಯ್ತಿ ಹೊಸಿಲು ದಾಟಿದ್ಲು ನೋಡು, ಅವತ್ತಿಂದ ಫೇಲು, ಫೇಲು, ಫೇಲು! ನಿಮ್ಮಪ್ಪನಿಗೆ ಹೇಳಿ ಕಳ್ಸಿದೀನಿ, ನಾಳೆ ಬತ್ತಾನೆ. ಗಂಟು ಕಟ್ಕೋ."

"ಅತ್ತೆ, ನಾನೇನು ಮಾಡ್ದೆ..."

"ಮಾಡೋದು ಬೇರೆ ಬೇಕಾ? ನೀನು ಬಂದಿದ್ದೇ ಸಾಲ್ದಾ!"

ಮರುದೇವಮ್ಮ ಹುಟ್ಟಾ ಕೆಟ್ಟವಳಲ್ಲ. ಅವಳ ಗಂಡ ಪದ್ಮರಾಜಯ್ಯನಿಗೆ ಒಂದು ಬೆಳಿಗ್ಗೆ ಹೊಟ್ಟೆನೋವು ಬಂತು. ಊರಿನಲ್ಲಿ ನೋಡುವವರು ಯಾರೂ ಇರಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ಹಾಸನದ ಆಸ್ಪತ್ರೆಗೆ ಹೊರಟರು. ಶಾಂತಿಗ್ರಾಮ ದಾಟುವ ಮುನ್ನವೇ ಆತ ಹೆಂಡತಿಯ ತೊಡೆಯ ಮೇಲೆ ಪ್ರಾಣ ಬಿಟ್ಟ. ಅಲ್ಲೇ, ಗಾಡಿಯಲ್ಲೇ, ಹೆಣದ ತಲೆ ತೊಡೆಯ ಮೇಲಿರುವಾಗಲೇ ಅವಳು ನಿಶ್ಚಯ ಮಾಡಿದ್ದಳು: ನನ್ನ ಮಗ ಡಾಕ್ಟರಾಗಬೇಕು! ಆ ಹಟ ಒಳ್ಳೆಯದೇ. ಆದರೆ ಹಟ ಸಾಗದಿದ್ದಾಗ ಮನೆಯಲ್ಲಿ ಬಾಯಿಲ್ಲದವರನ್ನು ಹುಡುಕಿ ಬಡಿಯುವುದಿದೆಯಲ್ಲ, ಅದಕ್ಕೆ ಏನನ್ನಬೇಕು? ಅದನ್ನು ನೋಡುತ್ತಾ ಕಲ್ಲಿನಂತೆ ಕೂತ ಗಂಡಸಿಗೆ ಇನ್ನೇನನ್ನಬೇಕು?

ಹಿತ್ತಿಲ ಬಾವಿಯ ಹತ್ತಿರ ಅನಂತಮತಿ ಸುಟ್ಟ ಕೈಗೆ ತಣ್ಣೀರು ಹೊಯ್ದುಕೊಳ್ಳುತ್ತಿದ್ದಾಗ ಜಯಕುಮಾರ ಬಂದು ನಿಂತ.

"ನನ್ನ ಹತ್ರ ಯಾಕೆ ಬಂದ್ರಿ? ಅಲ್ಲಿ ಬಾಯಿ ಬರ್ಲಿಲ್ಲ, ಇಲ್ಲಿ ಬತ್ತದಾ?" ಎಂದಳು ಅವಳು. "ಒಂದು ಮಾತು ಹೇಳಿಬಿಡಿ. ನೀವು ಫೇಲಾಗಿದ್ದು ನನ್ನಿಂದಲಾ?"

"ಅಲ್ಲ."

"ಮತ್ತೆ?"

ಅವನು ಬಾವಿಕಟ್ಟೆಯ ಮೇಲೆ ಕೂತ. "ಕಪ್ಪೆ..." ಎಂದ.

ಅನಂತಮತಿಗೆ ಅರ್ಥವಾಗಲಿಲ್ಲ. ಅವನು ತಡೆದು ತಡೆದು ಹೇಳಿದ. ಡಾಕ್ಟರಾಗುವವರು ಮೊದಲು ಕಪ್ಪೆ ಕೊಯ್ದು ಕಲಿಯಬೇಕು. ಮೈಸೂರಿನ ಕಾಲೇಜಿನಲ್ಲಿ ಮೇಣ ಹುಯ್ದ ತಟ್ಟೆ ಕೊಡುತ್ತಾರೆ. ಮದ್ದು ಮೂಸಿಸಿದ ಕಪ್ಪೆಯನ್ನು ಅಂಗಾತ ಮಲಗಿಸಿ, ಕೈಕಾಲಿಗೆ ಸೂಜಿ ಚುಚ್ಚಿ, ಹೊಟ್ಟೆ ಸೀಳಿ ತೋರಿಸಬೇಕು. "ಮೊದಲನೇ ಸಲ ಕೊಯ್ದೆ ಕಣೇ. ಚೆನ್ನಾಗಿ ಕೊಯ್ದೆ. ಮೇಷ್ಟ್ರು ಭೇಷ್ ಅಂದ್ರು. ಎದೆ ಬಿಚ್ಚಿದ ಮೇಲೂ ಅದರ ಗುಂಡಿಗೆ ಹೊಡ್ಕೋತಾನೇ ಇತ್ತು... ಅದೇ ವಾರ ಹಬ್ಬಕ್ಕೆ ಬಂದೆ. ಅಮ್ಮ ನನ್ನ ಕೈಲೇ ಬಸದೀಲಿ ಸ್ವಾಮಿಗೆ ಹಾಲಿನ ಅಭಿಷೇಕ ಮಾಡಿಸಿದ್ಲು. ಇದೇ ಕೈಲಿ! ಅವತ್ತಿಂದ ಕತ್ತರಿ ಹಿಡಿದ್ರೆ ಕೈ ನಡುಗ್ತದೆ. ಪರೀಕ್ಷೇಲಿ ತಟ್ಟೆ ಮುಂದಿಟ್ರೆ ಎದ್ದು ಬಂದ್ಬುಡ್ತೀನಿ."

"ಇದನ್ನ ಅತ್ತೆಗೆ ಹೇಳಿ!"

"ಮಗ ಜೀವ ತೆಗೆದ ಅಂತ ಗೊತ್ತಾದ್ರೆ ಅವಳು ಬದುಕಿರ್ತಾಳಾ? ನೀರು ಕಾಯಿಸೋಕೆ ಮುಂಚೆ ಹುಳ ಇದೆಯೇನೋ ಅಂತ ಎರಡು ಸಲ ಸೋಸೋಳು!"

"ಅದಕ್ಕೆ ನಾನು ಹೋಗ್ಬೇಕಾ?"

ಅನಂತಮತಿ ಕೊಡ ಎತ್ತಿಕೊಂಡು ಒಳಗೆ ಹೋಗಿ ಸೀರೆಗಳನ್ನು ಮಡಿಸಿಟ್ಟಳು.

ಮಾರನೆಯ ದಿನ ಹೊಳೆನರಸೀಪುರದಿಂದ ಅವಳ ತಂದೆ ಧರಣೇಂದ್ರಯ್ಯ ಬಂದ. ತೆಂಗಿನಕಾಯಿ ವ್ಯಾಪಾರದವನು, ದೊಡ್ಡ ಗಂಟಲು. ಮಗಳ ಗಂಟು ಜಗಲಿಯ ಮೇಲಿದ್ದುದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

"ಏನಮ್ಮಾ ಬೀಗಿತ್ತಿ, ನಿಮ್ಮ ಮಗ ಬರೀಬೇಕಾದ ಪರೀಕ್ಷೆ ನನ್ನ ಮಗಳು ಬರೀಬೇಕಾಗಿತ್ತಾ?"

"ಅವಳ ಕಾಲ್ಗುಣ ಬರೆಸ್ಲಿಲ್ಲ ಬೀಗರೇ. ಕರ್ಕೊಂಡೋಗಿ. ನನ್ನ ಮಗನಿಗೆ ಬೇರೆ ಕಡೆ ನೋಡ್ತೀನಿ."

ಅನಂತಮತಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಸುಟ್ಟ ಕೈ ಊರಲಾರದೆ ಒಂದೇ ಕೈ ಊರಿದಳು. ಅಷ್ಟೇ! ಜಯಕುಮಾರ ಎದೆ ಒಡೆದವನಂತೆ ಕೂಗಿಬಿಟ್ಟ.

"ಅಮ್ಮಾ! ಅವಳಲ್ಲ ಕಣಮ್ಮ, ನಾನು! ನಾನು ಜೀವ ತೆಗೆದೆ!"

ಎಲ್ಲವನ್ನೂ ಹೇಳಿದ. ಮರುದೇವಮ್ಮ ಕಂಬ ಹಿಡಿದು ನಿಂತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು: "ಆ ಕೈಲಿ ಸ್ವಾಮಿಗೆ ಹಾಲೆರೆದ್ಯಾ?"

"ಎರೆದೆ ಅಮ್ಮ..."

ಅವಳು ಸುಡುಬಿಸಿಲಿನಲ್ಲಿ ಬರಿಗಾಲಿನಲ್ಲಿ ಬಸದಿಗೆ ಹೊರಟುಹೋದಳು. ಮನೆಯಲ್ಲಿ ಮೂವರೂ ಹೆಣದ ಮನೆಯಲ್ಲಿ ಕೂತಂತೆ ಕೂತರು. ಅವಳು ತಿರುಗಿ ಬಂದಾಗ ಕಣ್ಣಲ್ಲಿ ನೀರಿರಲಿಲ್ಲ.

"ಡಾಕ್ಟ್ರಾಗೋಕೆ ಕೊಯ್ಲೇಬೇಕಾ? ಬೇರೆ ದಾರಿ ಇಲ್ವಾ?"

"ಇಲ್ಲ ಅಮ್ಮ. ಓದು ಬಿಟ್ಬುಡ್ತೀನಿ."

"ಬಿಡಕೂಡ್ದು!" ಮರುದೇವಮ್ಮ ಗುಡುಗಿದಳು. "ನಿಮ್ಮಪ್ಪ ಗಾಡೀಲಿ ನರಳಿದ್ದು ನನ್ನ ಕಿವೀಲಿ ಇನ್ನೂ ಐತೆ. ಕೊಯ್ಯಿ. ಮಾಡ್ದೋರಿಗಷ್ಟೇ ಅಲ್ಲ, ಮಾಡಿಸ್ದೋರಿಗೂ ಪಾಪ ಐತೆ ಅಂತ ಶಾಸ್ತ್ರದಲ್ಲೇ ಐತಲ್ಲ. ಮಾಡಿಸೋಳು ನಾನು. ನೀನು ಒಂದು ಜೀವ ತೆಗೆದ್ರೆ ನಾನು ಒಂದು ದಿನ ಉಪವಾಸ. ಎಷ್ಟು ಅಂತ ಬರೀತಾ ಇರು. ಸುಳ್ಳು ಬರೆದ್ಯೋ, ನನ್ನ ಹೆಣ ನೋಡ್ತೀಯ."

"ಉಪವಾಸ ನಾನೇ ಮಾಡ್ತೀನಮ್ಮ!"

"ಹೊಟ್ಟೆಗಿಲ್ದೆ ಓದಿ ಮತ್ತೆ ಫೇಲಾಗೋಕಾ?" ಆಮೇಲೆ ಸೊಸೆಯ ಕಡೆ ತಿರುಗಿ, ಮುಖ ನೋಡದೆ, "ಗಂಟು ಒಳಗಿಡು. ಬೀಗರಿಗೆ ಎಲೆ ಹಾಕು" ಎಂದಳು.

"ನಿನ್ನೆ ಬೇಡ, ಇವತ್ತು ಬೇಕು! ನನ್ನ ಮಗಳೇನು ಸಂತೇಲಿ ತಟ್ಟಿ ನೋಡೋ ಮಡಕೇನಾ?" ಎಂದು ಧರಣೇಂದ್ರಯ್ಯ ಹಾರಾಡಿದ. ಆದರೆ ಮಗಳು ಆಗಲೇ ಒಳಗೆ ಹೋಗಿ ಒಲೆ ಹೊತ್ತಿಸಿದ್ದಳು.

ಆ ವರ್ಷ ಜಯಕುಮಾರನ ಕೈ ನಡುಗಲಿಲ್ಲ. ಪಾಸಾದ. ಡಾಕ್ಟರಿ ಓದಿಗೆ ಸೇರಿದ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು ಎಲ್ಲರೂ. ಮುಗಿಯಲಿಲ್ಲ! ಅಲ್ಲಿ ನರ ಹೇಗೆ ಮಿಡಿಯುತ್ತದೆ, ಗುಂಡಿಗೆ ಹೇಗೆ ಬಡಿಯುತ್ತದೆ ಎಂದು ನೋಡುವುದಕ್ಕೆ ವಾರ ವಾರವೂ ಐದಾರು ಕಪ್ಪೆ. ಹಗಲೆಲ್ಲಾ ಕಾಲೇಜು, ಹಾಸ್ಟೆಲಿಗೆ ಬಂದರೆ ಮಣಭಾರದ ಇಂಗ್ಲಿಷ್ ಪುಸ್ತಕಗಳು. ಜೊತೆಯವರು ಒಬ್ಬೊಬ್ಬರಾಗಿ ಓದು ಬಿಟ್ಟು ಊರು ಸೇರುತ್ತಿದ್ದರು. ಜಯಕುಮಾರ ಬಿಡುವಂತಿರಲಿಲ್ಲ. ಅವನು ಕತ್ತರಿ ಇಟ್ಟಾಗಲೆಲ್ಲಾ ಊರಿನಲ್ಲಿ ತಾಯಿಯ ಒಂದು ದಿನದ ಊಟ ಹೋಗುತ್ತಿತ್ತು.

ದಿನ ಬಿಟ್ಟು ದಿನ ಉಪವಾಸವಿದ್ದರೂ ಮರುದೇವಮ್ಮನಿಗೆ ತೀರಿಸಲಾಗಲಿಲ್ಲ. ಬಾಕಿ ಬೆಳೆಯಿತು. ಮಗನ ಕಾಗದ ಓದುವವಳು ಅನಂತಮತಿ. ಒಮ್ಮೆ ಅವಳು, "ಈ ವಾರ ಒಂದೂ ಇಲ್ವಂತೆ ಅತ್ತೆ" ಎಂದಳು.

"ಹೇಳೋವಾಗ ಕಾಗದ ಯಾಕೆ ಮಡಿಸ್ಬುಟ್ಟೆ? ನಿಜ ಓದು."

ಅನಂತಮತಿ ಅಳುತ್ತಾ ನಿಜ ಓದಿದಳು.

ದೀಪಾವಳಿಗೆ ಬಂದ ಜಯಕುಮಾರ ತಾಯಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಮರುದೇವಮ್ಮ ಸೊಸೆಯ ಹೆಗಲು ಹಿಡಿಯದೆ ಹೆಜ್ಜೆ ಇಡುತ್ತಿರಲಿಲ್ಲ. ಅವನು ಅವಳ ನಾಡಿ ಹಿಡಿದ. ಕಲಿತ ವಿದ್ಯೆ ಸುಳ್ಳು ಹೇಳಲಿಲ್ಲ.

"ಸಾಕಮ್ಮ! ನಾನು ಮೈಸೂರಿಗೆ ಹೋಗಲ್ಲ!"

"ಈಗ ಬಿಟ್ರೆ ಅಷ್ಟು ಜೀವ ಯಾತಕ್ಕೆ ಸತ್ವು? ನಾನು ಯಾತಕ್ಕೆ ಹಸ್ಕೊಂಡೆ? ಹೇಳು ನೋಡನ..."

ಹಬ್ಬ ಮುಗಿದ ಮೇಲೆ ಅವನು ಮೈಸೂರಿಗೆ ಹೋದ.

ಬೇಸಿಗೆಯಲ್ಲಿ ಅವನ ಪರೀಕ್ಷೆ ನಡೆಯುತ್ತಿದ್ದಾಗ ಮರುದೇವಮ್ಮ ಹಾಸಿಗೆ ಹಿಡಿದಳು. "ತಂತಿ ಕೊಡ್ಬೇಡ. ಎದ್ದು ಬಂದ್ಬುಡ್ತಾನೆ" ಎಂದು ಸೊಸೆಯಿಂದ ಆಣೆ ಮಾಡಿಸಿಕೊಂಡಳು. ಕೊನೆಯ ದಿನ ಅನಂತಮತಿಯ ಕೈ ಹಿಡಿದು, ಮುಂಗೈ ಮೇಲಿನ ಹಳೆಯ ಸುಟ್ಟ ಕಲೆಯನ್ನು ಬೆರಳಿನಿಂದ ಸವರಿದಳು. ಕ್ಷಮಿಸು ಎನ್ನಲಿಲ್ಲ. ಆ ಮಾತು ಅವಳ ಬಾಯಿಗೆ ಅಭ್ಯಾಸವೇ ಇರಲಿಲ್ಲ.

"ಇನ್ನೂ ಬಾಕಿ ಐತಲ್ಲೇ..." ಎಂದಳು.

"ನಾನಿದ್ದೀನಿ ಅತ್ತೆ. ನೀವು ಆರಾಮಾಗಿ ಹೋಗಿ."

ಪರೀಕ್ಷೆ ಮುಗಿಸಿ ಬಂದ ಜಯಕುಮಾರ ಖಾಲಿ ಹಾಸಿಗೆ ಕಂಡು ಹುಚ್ಚನಂತೆ ಹೆಂಡತಿಯ ಮೇಲೆ ಕೂಗಾಡಿದ. ಅವನು ಅತ್ತು ಸೋತು ಕೂತಾಗ ಅವಳು ಎಲೆ ಹಾಕಿ ಬಡಿಸಿದಳು.

"ನಿನ್ನ ಎಲೆ?"

"ಇವತ್ತು ನಂಗಿಲ್ಲ."

"ಇವತ್ತು ಉಪವಾಸದ ಅಷ್ಟಮಿ ಅಲ್ವಲ್ಲ?"

"ಅಲ್ಲ."

ಜಯಕುಮಾರ ಆಗ ಅವಳನ್ನು ಸರಿಯಾಗಿ ನೋಡಿದ. ಬಳೆಗಳು ಮುಂಗೈ ಮೇಲೆ ಸಡಿಲವಾಗಿ ಜಾರುತ್ತಿದ್ದವು. ಅವನು ಎಲೆ ಬಿಟ್ಟು ಏಳಹೋದ. ಅನಂತಮತಿ ಅವನ ಭುಜ ಒತ್ತಿ ಕೂರಿಸಿದಳು.

"ಉಣ್ಣಿ. ಇನ್ನೂ ಓದೋದೈತೆ."

ಅವನು ತುತ್ತು ಎತ್ತಿದ. ಅವಳು ಅವನು ನುಂಗುವವರೆಗೂ ನೋಡುತ್ತಾ ನಿಂತಿದ್ದಳು.