ಕೆಂಪು ದಾರದ ಕತ್ತರಿ

ಒಂದಾನೊಂದು ಊರಿನಲ್ಲಿ ನಿದ್ದೆ ಹಂಚುವವಳೊಬ್ಬಳಿದ್ದಳಂತೆ. ನರಳುವವರ ಹಣೆ ಸವರಿ, ಮಡಿಲ ಗಂಟಿನಿಂದ ಚಿಟಿಕೆ ನಿದ್ದೆ ತೆಗೆದು ಕಣ್ಣಿಗಿಡುತ್ತಿದ್ದಳಂತೆ. ಹಂಚಿ ಹಂಚಿ ಒಂದು ದಿನ ಗಂಟೇ ಬರಿದಾಯಿತು.

"ಆಮೇಲೆ ಅವಳನ್ನ ಯಾರು ಮಲಗಿಸಿದ್ರು ಅಜ್ಜಿ?" ಎಂದು ತಂಗಿ ಕೇಳಿದ್ದಳು. ಅಕ್ಕ ಆಗಲೇ ಅಜ್ಜಿಯ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿದ್ದಳು.

"ಕತೆ ಅಲ್ಲಿಗೇ ನಿಂತಿದೆ ಕಣೆ. ಮಿಕ್ಕಿದ್ದು ನೀನೇ ಮುಗಿಸು."

"ಮುಗಿಸ್ತೀನಿ, ನೋಡ್ತಿರು," ಎಂದು ತಂಗಿ ಮಾತು ಕೊಟ್ಟಿದ್ದಳು.

ಆ ತಂಗಿ ಈಗ ಪೊಲೀಸ್ ಇನ್‌ಸ್ಪೆಕ್ಟರ್. ಅಕ್ಕ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನ ಹಿರಿಯ ನರ್ಸ್. ಈ ಮಧ್ಯಾಹ್ನ ಇನ್‌ಸ್ಪೆಕ್ಟರ್ ಅದೇ ವಾರ್ಡಿನ ಔಷಧಿ ಫ್ರಿಜ್ಜಿನ ಮುಂದೆ ನಿಂತಿದ್ದಳು. ಬೀಗ ಒಡೆದಿರಲಿಲ್ಲ. ರೋಗಿಗಳನ್ನು ನಿದ್ದೆಗಿಳಿಸುವ ಅರಿವಳಿಕೆ ಔಷಧಿಯ ತಟ್ಟೆ ಮಾತ್ರ ಖಾಲಿ.

"ಒಂದು ಬಾಟ್ಲಿನೂ ಬಿಟ್ಟಿಲ್ಲ!" ಡಾಕ್ಟರ ಧ್ವನಿ ನಡುಗುತ್ತಿತ್ತು. "ನಾನು ಒಳಗೆ ಬಂದಾಗ ನಿಮ್ಮಕ್ಕ ಫ್ರಿಜ್ ತೆರೆದು ಗರಬಡಿದವರ ಹಾಗೆ ನಿಂತಿದ್ರು. ಕೂಗಿದ್ದು ನಾನೇ. ಯಾರ ಕೈಗಾದ್ರೂ ಸಿಕ್ಕಿದ್ರೆ ಪ್ರಾಣಕ್ಕೇ ಸಂಚಕಾರ ಮೇಡಂ."

ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಮುಷ್ಟಿ ಬಿಚ್ಚಿ ಫ್ರಿಜ್ಜಿನ ಕೀಲಿ ತೋರಿಸಿದಳು.

"ಯಾರ ಕೈಗೂ ಕೊಟ್ಟಿಲ್ವಾ ಅಕ್ಕ?"

"ಏಪ್ರನ್ ಜೇಬಲ್ಲಿತ್ತು. ಏಪ್ರನ್ ಗೂಟಕ್ಕೆ ಹಾಕಿ ಮುಖ ತೊಳೆಯೋಕೆ ಹೋಗಿದ್ದೆ."

"ಎಷ್ಟು ಹೊತ್ತು?"

"ಗೊತ್ತಿಲ್ಲ ಕಣೆ. ನಲ್ಲಿ ಹರೀತಾನೇ ಇತ್ತು."

ಇನ್‌ಸ್ಪೆಕ್ಟರ್ ಆ ಕೀಲಿಯನ್ನೇ ನೋಡಿದಳು. ಅಲ್ಲಿ ಏನೋ ಇರಬೇಕಿತ್ತು. ಇರಲಿಲ್ಲ. ಏನೆಂದು ಹೊಳೆಯಲಿಲ್ಲ.

* * *

ಮೊದಲು ಸಿಕ್ಕಿಬಿದ್ದವನು ಒಬ್ಬ ರೋಗಿಯ ಭಾವಮೈದುನ. ನಿನ್ನೆ ನರ್ಸುಗಳ ಮೇಲೆ ಎಗರಾಡಿದ್ದ. ಇಂದು ಫ್ರಿಜ್ಜಿನ ಸುತ್ತ ಸುಳಿದಾಡಿದ್ದ.

"ನಂಗ್ಯಾಕೆ ಮೇಡಂ ಆ ಬಾಟ್ಲಿ? ಫೋನ್ ಚಾರ್ಜಿಗೆ ಪ್ಲಗ್ ಹುಡುಕ್ತಿದ್ದೆ. ಈ ಆಸ್ಪತ್ರೇಲಿ ಹೋದ ಜೀವ ವಾಪಸ್ ಸಿಗತ್ತೆ, ಒಂದು ಪ್ಲಗ್ ಸಿಗಲ್ಲ!"

ಚೀಲ ಜಾಲಾಡಿದರು. ಬಾಚಣಿಗೆ, ಚಾರ್ಜರ್, ಕೊಳೆ ಅಂಗಿ. ಅಷ್ಟೇ.

ಅಷ್ಟರಲ್ಲಿ ಪೇದೆ ಓಡಿಬಂದ. "ಸಿಕ್ತು ಮೇಡಂ! ಆಂಬುಲೆನ್ಸಿನ ಐಸ್ ಪೆಟ್ಟಿಗೇಲಿ. ಹತ್ತೀಲಿ ಸುತ್ತಿ ಮಗು ಥರ ಮಲಗಿಸಿದಾರೆ."

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದಳು. ಮಾರುವ ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಗೇಟು ದಾಟಿರುತ್ತಿದ್ದ. ಈ ಕಳ್ಳ ಔಷಧಿ ಕೆಡದಂತೆ ಕಾಪಾಡಿದ್ದಾನೆ. ಹಿಂದಿರುಗಿಸುವ ಮನಸ್ಸಿದ್ದವನು.

ಆಂಬುಲೆನ್ಸ್ ಚಾಲಕರನ್ನು ಎಲ್ಲರೂ ಗಾಳಿಮಾವ ಎನ್ನುತ್ತಿದ್ದರು. ಓಡಿಸುವುದೇ ಹಾಗೆ. ಫಳಫಳ ಹೊಳೆಯುತ್ತಿದ್ದ ಗಾಜನ್ನೇ ಅವರು ಮತ್ತೆ ಮತ್ತೆ ಒರೆಸುತ್ತಿದ್ದರು. ಅಂಗಿಯ ಜೇಬಿನಿಂದ ಕೆಂಪು ದಾರವೊಂದು ಜೋತುಬಿದ್ದಿತ್ತು. ದಾರದ ತುದಿಗೆ ಕತ್ತರಿ.

ಇನ್‌ಸ್ಪೆಕ್ಟರ್ ಆ ದಾರ ಹಿಡಿದು ಕತ್ತರಿಯನ್ನು ಮೇಲೆತ್ತಿದಳು.

ಅಕ್ಕನ ಕತ್ತರಿ! ನರ್ಸ್ ಆದ ದಿನ ಅಜ್ಜಿ ಕೊಟ್ಟದ್ದು. ವಾರ್ಡಿನಲ್ಲಿ ಕತ್ತರಿ ಕೆಳಗಿಟ್ಟರೆ ಮಾಯ. ನರ್ಸುಗಳು ಕಿವಿಯ ಓಲೆ ಬೇಕಾದರೂ ಬಿಚ್ಚಿ ಕೊಟ್ಟಾರು, ಕತ್ತರಿ ಕೊಡರು. ಅಕ್ಕ ಫ್ರಿಜ್ಜಿನ ಕೀಲಿಯನ್ನೂ ಅದೇ ದಾರಕ್ಕೆ ಕಟ್ಟುತ್ತಿದ್ದಳು. ಇಂದು ಕೀಲಿ ಒಂಟಿಯಾಗಿತ್ತು.

"ಕತ್ತರಿನೂ ಕದ್ರಾ ಮಾವ?"

"ಅಯ್ಯೋ, ಅವಳೇ ಕೊಟ್ಲು ತಾಯಿ. ಬೆಳಿಗ್ಗೆ. 'ಇನ್ನು ನಂಗೆ ಬೇಕಾಗಲ್ಲ, ನೀವಿಟ್ಕೊಳ್ಳಿ' ಅಂದ್ಲು. ನಗ್ತಾನೇ ಅಂದ್ಲು. ಅದಕ್ಕೇ ನಂಗೆ ಭಯ ಆಯ್ತು."

"ಯಾರಿಗಾದ್ರೂ ಹೇಳ್ಬಾರ್ದಿತ್ತಾ?"

"ಯಾರಿಗೆ?" ಮಾವ ತೆರೆದ ಬಾಗಿಲಿನಾಚೆ ಕಾಣುತ್ತಿದ್ದ ಕಾರಿಡಾರಿನ ಕೊನೆಯ ಕೋಣೆ ತೋರಿಸಿದರು. ಬಾಗಿಲ ಮೇಲೆ 'ಸಿಬ್ಬಂದಿಯ ಆಪ್ತ ಸಮಾಲೋಚನೆ ಕೋಣೆ' ಎಂಬ ಹಲಗೆ. ಒಳಗೆ ಸೂರಿನವರೆಗೂ ಸಲೈನ್ ಪೆಟ್ಟಿಗೆಗಳು. "ಆ ಪೆಟ್ಟಿಗೆಗಳಿಗೆ ಹೇಳ್ಲಾ? ಶಾಲೆ ಬಸ್ಸು ಉರುಳಿತಲ್ಲ, ಆ ಮಕ್ಕಳನ್ನ ತಂದಿದ್ದು ನಾನು, ಎತ್ತಿಕೊಂಡಿದ್ದು ಅವಳು. ಅವತ್ತಿಂದ ಅವಳಿಗೂ ನಿದ್ದೆ ಇಲ್ಲ, ನಂಗೂ ಇಲ್ಲ. ಏನ್ ಮಾಡ್ಕೋತಾಳೋ ಅಂತ ಕೀಲಿ ತಗೊಂಡೆ, ಬಾಟ್ಲಿ ಬಚ್ಚಿಟ್ಟೆ, ಕೀಲಿ ಮತ್ತೆ ಅವಳ ಏಪ್ರನ್ ಜೇಬಿಗೇ ಹಾಕ್ದೆ. ಹಾಕು ಬೇಡಿ."

* * *

"ಡಾಕ್ಟ್ರೇ, ಇವತ್ತು ಈ ಔಷಧಿ ಯಾವ ರೋಗಿಗೆ ಬೇಕಿತ್ತು?" ಎಂದು ವಾರ್ಡಿಗೆ ಮರಳಿದ ಇನ್‌ಸ್ಪೆಕ್ಟರ್ ಕೇಳಿದಳು.

"ಯಾರಿಗೂ ಇಲ್ಲ. ಇವತ್ತು ಅಂಥ ಕೇಸೇ..." ಡಾಕ್ಟರ ಮಾತು ಅರ್ಧಕ್ಕೇ ನಿಂತಿತು. ಅಕ್ಕನ ಕಡೆ ತಿರುಗಿದರು. "ಹಾಗಾದ್ರೆ ಇವರು ಫ್ರಿಜ್ ತೆರೆದಿದ್ದು..."

"ಕದ್ದಿದ್ದು ಗಾಳಿಮಾವ," ಎಂದಳು ಇನ್‌ಸ್ಪೆಕ್ಟರ್. "ಹೇಳಿಕೆ ಕೊಡ್ತಾರೆ. ಕತ್ತರಿ ಕೊಟ್ಟ ನರ್ಸ್ ನಾಳೆ ಡ್ಯೂಟಿಗೆ ಬರಲ್ಲ ಅಂತ ಅವರಿಗೆ ಗೊತ್ತಾಯ್ತು. ಒಂದೇ ಮನೇಲಿರೋ ನಂಗೆ ಗೊತ್ತಾಗ್ಲಿಲ್ಲ." ಅಕ್ಕನ ಮುಂದೆ ಮಂಡಿಯೂರಿದಳು. "ಅಕ್ಕ, ಸಾಯ್ಬೇಕು ಅನ್ನಿಸ್ತಾ?"

ಅಕ್ಕ ಕೀಲಿಯನ್ನು ತಂಗಿಯ ಅಂಗೈಯಲ್ಲಿಟ್ಟಳು.

"ಕಣ್ಮುಚ್ಚಿದ್ರೆ ಆ ಮಕ್ಕಳ ಶೂಗಳೇ ಕಾಣ್ತವೆ ಕಣೆ. ಅದು ನಿಂತ್ರೆ ಸಾಕಾಗಿತ್ತು." ಕಣ್ಣೆತ್ತಿ ತಂಗಿಯನ್ನು ನೋಡಿದಳು. "ಹೂಂ. ಅನ್ನಿಸ್ತು."

ಡಾಕ್ಟರು ಸರಸರನೆ ಕಾರಿಡಾರಿನ ಕೊನೆಗೆ ನಡೆದರು. ಒಂದು ಪೆಟ್ಟಿಗೆ ಎತ್ತಿ ಹೊರಗಿಟ್ಟರು. ಇನ್ನೊಂದು. ಮತ್ತೊಂದು. ಪೇದೆಯೂ ಕೈ ಹಾಕಿದ. ಡಾಕ್ಟರು ಮನೋವೈದ್ಯೆಗೆ ಫೋನು ಮಾಡಿದರು. "ಈಗಲೇ ಬನ್ನಿ ಮೇಡಂ. ನಮ್ಮವರೇ ಇಬ್ಬರಿದಾರೆ." ಫೋನು ಹಿಡಿದ ತಮ್ಮ ಕೈ ನಡುಗುತ್ತಿರುವುದನ್ನು ನೋಡಿಕೊಂಡರು. "ಇಬ್ಬರಲ್ಲ. ಮೂವರು."

* * *

ಮನೋವೈದ್ಯೆ ಬಂದು ಅಕ್ಕನ ಮಾತನ್ನು ಕೊನೆತನಕ ಕೇಳಿದರು. ನಾಳೆ ಮತ್ತೆ ಬರುವೆನೆಂದರು. ಇವಳನ್ನು ಒಂಟಿ ಬಿಡಬೇಡಿ ಎಂದರು.

ಬರಿದಾದ ಕೋಣೆಗೆ ಒಂದು ಮಂಚ ಬಂತು. ಇನ್‌ಸ್ಪೆಕ್ಟರ್ ಟೋಪಿ ತೆಗೆದಿಟ್ಟು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಕತೆ ಹೇಳೆ."

"ಒಂದಾನೊಂದು ಊರಲ್ಲಿ ನಿದ್ದೆ ಹಂಚೋಳು ಒಬ್ಬಳಿದ್ದಳಂತೆ..."

ಗಂಟು ಬರಿದಾಗುವ ಮೊದಲೇ ಗೊರಕೆ ಶುರುವಾಯಿತು.

"ನನ್ನ ಸೈರನ್ನಿಗಿಂತ ಜೋರು," ಎಂದು ಬಾಗಿಲ ಹೊರಗಿನಿಂದ ಗಾಳಿಮಾವ ಪಿಸುಗುಟ್ಟಿದರು.

"ಶ್!" ಎಂದಳು ತಂಗಿ.

ಅಜ್ಜಿಯ ಕತೆ ಮುಗಿಯಿತು.